ಓಣಿ ಯಾವುದು ಅಂತ ನಾನು ಕೇಳಲೇ ಇಲ್ಲ

1/9
ಫೋಟೊ: ಗಜೇಂದ್ರಗಡದ ಗುಡ್ಡದ ಮ್ಯಾಲಿನ ಗಾಳಿಯಂತ್ರಗಳು, ಬೆಳಿಗ್ಗೆ ಆರೂವರೆ

ನಾಲ್ಕು ತಿಂಗಳಿಂದ ಈ ಪೇಜಿನಲ್ಲಿ ಒಂದೂ ಫೋಟೊ ಬಂದಿಲ್ಲ. "ಅಣ್ಣಾರ, ಆರಾಮ ಅದೀರಿಲ್ಲೋ?" ಅಂತ ಮೆಸೇಜ್ ಮಾಡಿ ಕೇಳಿದವರಿಗೆಲ್ಲ "ಕ್ಯಾಮೆರಾ ಕೆಟ್ಟೈತಿ" ಅಂತ ಹೇಳಿದ್ದೆ. ಅದು ಸುಳ್ಳು. ಕ್ಯಾಮೆರಾ ನೆಟ್ಟಗ ಐತಿ.

ಹೋದ ವರ್ಷ ಒಂದು ಡೇಟಿಂಗ್ ಆ್ಯಪಿನಲ್ಲಿ ಪರಿಚಯವಾದ ಹುಡುಗಿಯ ಮಾತು ನಂಬಿ ನಾನು 1,65,000 ರೂಪಾಯಿ ಕಳಿಸಿದೆ. ಅದರಲ್ಲಿ 1,20,000 ರೂಪಾಯಿ ನಮ್ಮ ಅವ್ವನ ಪಾಟಲಿ ಅಡ ಇಟ್ಟು ತಂದದ್ದು. ಅವ್ವ ತೀರಿಕೊಂಡು ಮೂರು ವರ್ಷ ಆತು.

ಇದನ್ನು ಯಾರಿಗೂ ಹೇಳಬಾರದು ಅಂತ ಮಾಡಿದ್ದೆ. ಹೋದ ವಾರ ರೋಣದ ಕಡೆಯ ಒಬ್ಬ ತಮ್ಮ ರಾತ್ರಿ ಒಂದೂವರೆಗೆ ಮೆಸೇಜ್ ಹಾಕಿದ. "ಅಣ್ಣಾ, ನಿಮಗ ಗೊತ್ತಿರೋರು ಯಾರರ ಪೊಲೀಸರು ಅದಾರೇನ? ಒಂದ್ ಸಮಸ್ಯೆ ಆಗೈತಿ, ಮನ್ಯಾಗ ಹೇಳಾಕ ಆಗವಲ್ದು." ಪೂರಾ ಕೇಳಿದ ಮ್ಯಾಲೆ ಗೊತ್ತಾತು, ಹೆಸರು ಬ್ಯಾರೆ, ಫೋಟೊ ಬ್ಯಾರೆ, ಕಥೆ ನನ್ನದೇ.

ಅದಕ್ಕ ಬರೆಯಾಕ ಕುಂತೀನಿ. ಒಂಬತ್ತು ಪೋಸ್ಟ್ ಆಗ್ತಾವು. ಸಾವಕಾಶ ಓದ್ರಿ.

2/9
ಫೋಟೊ: ಅಪ್ಪನ ಮಗ್ಗ, ಅರ್ಧ ನೇಯ್ದ ಸೀರೆ

ಮೊದಲು ನಾನು ಯಾಕೆ ಆ ಆ್ಯಪಿಗೆ ಹೋದೆ ಅನ್ನೋದು ಹೇಳಬೇಕು. ಇಲ್ಲಂದ್ರ "ಇವನಿಗೇನು ತಲಿ ಇರಲಿಲ್ಲೇನು" ಅಂತೀರಿ.

ನನಗೆ ಈಗ 34. ಅಪ್ಪ ನೇಕಾರ. ನಾನು ಊರಾಗ ಸಣ್ಣದೊಂದು ಸೀರೆ ಅಂಗಡಿ ನೋಡ್ಕೋತೀನಿ, ಜತಿಗೆ ನಾಲ್ಕು ಎಕರೆ ಎರಿ ಹೊಲ. ಆರು ವರ್ಷದಿಂದ ಕನ್ಯಾ ನೋಡಾಕ ಹತ್ತೀವಿ. ಹನ್ನೊಂದು ಮನೆಯಲ್ಲಿ ಅವಲಕ್ಕಿ, ಚಾ ಆತು. ಎಲ್ಲ ಕಡೆ ಒಂದೇ ಪ್ರಶ್ನೆ: "ಹುಡುಗ ಬೆಂಗಳೂರಾಗ ಇಲ್ಲೇನ್ರಿ? ಸರ್ಕಾರಿ ನೌಕರಿ ಇಲ್ಲೇನ್ರಿ?"

ನಮ್ಮ ಕಡೆ ಇದು ನನ್ನೊಬ್ಬನ ಕಥೆ ಅಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ಯುವಕರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟದ್ದು ನೆನಪಿರಬೇಕು. 2024ರ ಜೂನಿನಲ್ಲಿ ನಮ್ಮ ಮಗ್ಗಲು ಜಿಲ್ಲೆ ಕೊಪ್ಪಳದ ಕನಕಗಿರಿಯಲ್ಲಿ ಜನಸ್ಪಂದನ ಸಭೆಗೆ ಬಂದ ಒಬ್ಬ ರೈತ, ಕನ್ಯೆ ಹುಡುಕಿಕೊಡ್ರಿ ಅಂತ ಜಿಲ್ಲಾಧಿಕಾರಿ ಮುಂದೇ ಅರ್ಜಿ ಹಿಡಿದಿದ್ದ. ಆ ವಿಡಿಯೊ ನೋಡಿ ಮಂದಿ ನಕ್ಕರು. ನಾನೂ ಅಂಗಡಿಯಲ್ಲಿ ಗೆಳೆಯರ ಜತಿ ನಕ್ಕೆ. ರಾತ್ರಿ ಮನಿಗೆ ಹೋಗಿ ಆ ವಿಡಿಯೊ ಮತ್ತೊಮ್ಮೆ ಒಬ್ಬನೇ ನೋಡಿದೆ. ನಗು ಬರಲಿಲ್ಲ.

ಮೋಸಗಾರರಿಗೆ ನಮ್ಮ ದಡ್ಡತನ ಬೇಕಾಗಿಲ್ರಿ. ಅವರಿಗೆ ಬೇಕಾದದ್ದು ಈ ರಾತ್ರಿ.

3/9
ಫೋಟೊ: ಕಾಲಕಾಲೇಶ್ವರ ಗುಡಿಯ ಮೆಟ್ಟಿಲು, ಮಳೆ ನಿಂತ ಮೇಲೆ

ಜೂನ್ ತಿಂಗಳು. ಹೆಸರು ಬಿತ್ತಿ ಮುಗಿಸಿದ್ವಿ. ಆ್ಯಪಿನಲ್ಲಿ ಒಂದು ಹುಡುಗಿ ನನಗೆ ತಾನಾಗೇ ಮೆಸೇಜ್ ಮಾಡಿದಳು. ಮೂಲ ನರಗುಂದ, ಈಗ ಪುಣೆಯಲ್ಲಿ ಕಂಪನಿ ಕೆಲಸ, ತಂದೆ ಇಲ್ಲ, ತಾಯಿ ಜತೆ ಇರೋದು. ಫೋಟೊದಲ್ಲಿ ಸೀರೆ ಉಟ್ಟಿದ್ದಳು. ಎರಡು ದಿನದಲ್ಲೇ "ಈ ಆ್ಯಪ್ ಬೇಡ, ವಾಟ್ಸ್ಆ್ಯಪ್‌ಗೆ ಬನ್ನಿ" ಅಂದಳು. ಹೋದೆ.

ಅಲ್ಲಿಂದ ಮುಂದೆ ಆದದ್ದು ನಿಮಗೆಲ್ಲ ಸಂಬಂಧಪಟ್ಟದ್ದು, ಯಾಕಂದ್ರ ಆಕಿ ಮಾತಾಡಿದ್ದೆಲ್ಲ ಈ ಪೇಜಿನಿಂದಲೇ ತಗೊಂಡದ್ದು. ಕಾಲಕಾಲೇಶ್ವರನ ಫೋಟೊ ಇಷ್ಟ ಅಂದಳು. ನನ್ನ ಅವ್ವ ತೀರಿಕೊಂಡ ದಿನ ಹಾಕಿದ್ದ ಪೋಸ್ಟ್ ಓದಿ ಅತ್ತೆ ಅಂದಳು. ಅಪ್ಪನ ಮಗ್ಗದ ಬಗ್ಗೆ ಕೇಳಿದಳು. ನನಗೆ ಉಳ್ಳಾಗಡ್ಡಿ ರೇಟು ಬಿದ್ದು ನಷ್ಟ ಆದದ್ದೂ ಆಕಿಗೆ ಗೊತ್ತಿತ್ತು.

"ನನ್ನನ್ನ ಇಷ್ಟು ತಿಳಕೊಂಡಾಕಿ ಮತ್ತೊಬ್ಬಾಕಿ ಸಿಗಂಗಿಲ್ಲ" ಅಂತ ನಾನು ತಿಳಿದೆ. ಆಕಿ ತಿಳಕೊಂಡಿರಲಿಲ್ಲ. ಕುಂತು ಓದಿದ್ದಳು. ನನ್ನ ಕೀಲಿಕೈ ನಾನೇ ಎಲ್ಲಾರ ಮುಂದೆ ಗೂಟಕ್ಕೆ ಹಾಕಿ ಇಟ್ಟಿದ್ದೆ.

ಅದಕ್ಕ ಮೊದಲನೇ ಮಾತು: ಪರಿಚಯವಿಲ್ಲದವರು ನಿಮ್ಮ ಬಗ್ಗೆ ಬಹಳ ತಿಳಕೊಂಡಾರ ಅನಿಸಿದರೆ, ಅದರಲ್ಲಿ ನೀವೇ ಹಾಕಿದ್ದು ಎಷ್ಟು ಅಂತ ಒಮ್ಮೆ ನಿಮ್ಮ ಪ್ರೊಫೈಲ್ ತೆಗೆದು ನೋಡ್ಕೊಳ್ರಿ.

4/9
ಫೋಟೊ: ನರಗುಂದದ ಗುಡ್ಡ, ರಸ್ತೆಯಿಂದ ಕಂಡಂತೆ

ಸುಳಿವು ಇರಲಿಲ್ಲವೇ? ಇದ್ದವು. ನಾನು ನೋಡಿಯೂ ದಾಟಿಹೋದೆ.

ಆಕಿ ಬರೀತಿದ್ದ ಕನ್ನಡ ನಮ್ಮದಲ್ಲ. "ಊಟ ಆತೇನ್ರಿ?" ಅಂದರೆ "ಹೌದು, ನಾನು ನನ್ನ ಊಟವನ್ನು ಮುಗಿಸಿದೆ" ಅಂತ ಉತ್ತರ. ನರಗುಂದದಾಕಿ ಹಿಂಗ್ಯಾಕ ಮಾತಾಡ್ತಾಳ ಅಂತ ಕೇಳಿದೆ. "ಚಿಕ್ಕವಳಿದ್ದಾಗಲೇ ಪುಣೆಗೆ ಬಂದೆವು" ಅಂದಳು. ಒಪ್ಪಿಕೊಂಡೆ.

ಜುಲೈ 21 ಬಂತು. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. 1980ರ ರೈತ ಬಂಡಾಯದ ನೆನಪಿಗೆ ಪ್ರತಿ ವರ್ಷ ನರಗುಂದದ ವೀರಗಲ್ಲಿಗೆ ಮಾಲೆ ಹಾಕ್ತಾರ, ರೈತರು, ಮುಖಂಡರು ಎಲ್ಲಾ ಕೂಡ್ತಾರ. "ಇವತ್ತು ನಿಮ್ಮೂರಾಗ ಗದ್ದಲ ಇರಬೇಕಲ್ಲ" ಅಂತ ಬರೆದೆ. "ಯಾವ ಹಬ್ಬ?" ಅಂತ ಕೇಳಿದಳು. ನಾನು ನಕ್ಕು ಆ ಇತಿಹಾಸವನ್ನೆಲ್ಲ ವಾಯ್ಸ್ ಮೆಸೇಜಿನಲ್ಲಿ ಹೇಳಿಕೊಟ್ಟೆ. ನರಗುಂದದಾಕಿಗೆ ಗಜೇಂದ್ರಗಡದಾಂವ ನರಗುಂದದ ಬಂಡಾಯ ಕಲಿಸಿದ!

ವಿಡಿಯೊ ಕಾಲ್ ಕೇಳಿದರೆ ಒಮ್ಮೆ ಕ್ಯಾಮೆರಾ ಸರಿ ಇಲ್ಲ, ಒಮ್ಮೆ ಅಮ್ಮ ಮಲಗ್ಯಾರ. ಒಂದು ಸಲ ಹತ್ತು ಸೆಕೆಂಡ್ ಮುಖ ಕಂಡಿತು, ತುಟಿಗೂ ಮಾತಿಗೂ ಹೊಂದಾಣಿಕೆ ಇರಲಿಲ್ಲ, ಕಟ್ ಆತು. ನೆಟ್‌ವರ್ಕ್ ಅಂದುಕೊಂಡೆ. ಈಗ ಬೇರೆಯವರ ಮುಖ ಹಚ್ಚಿಕೊಂಡು ವಿಡಿಯೊ ಕಾಲ್ ಮಾಡೋ ತಂತ್ರಜ್ಞಾನವೂ ಐತ್ರಿ. ಹಂಗಾಗಿ ಮುಖ ಕಂಡ ಮಾತ್ರಕ್ಕ ಖಾತ್ರಿ ಅಲ್ಲ. ಮುಖದ ಮುಂದೆ ಕೈ ಆಡಿಸಾಕ ಹೇಳ್ರಿ, ಎದ್ದು ಕಿಡಕಿ ಹೊರಗಿನ ಓಣಿ ತೋರಿಸಾಕ ಹೇಳ್ರಿ. ಖರೇ ಇದ್ದವರು ನಕ್ಕು ತೋರಿಸ್ತಾರ. ಸುಳ್ಳು ಇದ್ದವರಿಗೆ ಸಿಟ್ಟು ಬರ್ತೈತಿ.

5/9
ಫೋಟೊ: ಅಂಗಡಿಯ ಗಲ್ಲಾ ಪೆಟ್ಟಿಗೆ

ಆಕಿ ಒಮ್ಮೆಯೂ ನನ್ನ ಕಡೆ ರೊಕ್ಕ ಕೇಳಲಿಲ್ಲ. ಇದನ್ನು ಎರಡು ಸಲ ಓದ್ರಿ. ನಾನು ಸಿಕ್ಕಿಬಿದ್ದದ್ದೇ ಅದಕ್ಕ.

ಆಗಸ್ಟಿನಲ್ಲಿ "ನಮ್ಮ ಮದುವೆಗೆ ನಾವೇ ಹಣ ಕೂಡಿಸೋಣ, ನಿಮ್ಮ ತಂದೆಗೆ ಭಾರ ಬೇಡ" ಅಂದಳು. ತನ್ನ ಚಿಕ್ಕಪ್ಪ ಶೇರು ಮಾರುಕಟ್ಟೆಯಲ್ಲಿ ಅದಾನ, ಒಂದು ಆ್ಯಪ್ ಐತಿ ಅಂತ ಲಿಂಕ್ ಕಳಿಸಿದಳು. 5,000 ಹಾಕಿದೆ. ನಾಲ್ಕು ದಿನಕ್ಕೆ 5,900 ನನ್ನ ಬ್ಯಾಂಕ್ ಖಾತೆಗೆ ಬಂತು. ಖರೇವಾಗಿಯೂ ಬಂತು! ಆಮೇಲೆ 40,000. ಆಮೇಲೆ ಪಾಟಲಿ ಅಡ ಇಟ್ಟು 1,20,000. ಆ್ಯಪಿನ ಪರದೆ ಮ್ಯಾಲೆ 3,48,000 ಅಂತ ತೋರಿಸ್ತಿತ್ತು. ರಾತ್ರಿ ಮಲಗೋ ಮುಂದ ಒಮ್ಮೆ, ನಸುಕಿನಲ್ಲಿ ಎದ್ದ ಕೂಡಲೆ ಒಮ್ಮೆ ನೋಡ್ತಿದ್ದೆ.

ತೆಗೆಯಾಕ ಹೋದೆ. "30% ತೆರಿಗೆ ಮೊದಲು ಕಟ್ಟಿ" ಅಂತ ಬಂತು. 1,04,400 ರೂಪಾಯಿ.

ಈ ತಂತ್ರಕ್ಕೆ ಇಂಗ್ಲಿಷಿನಲ್ಲಿ ಇರೋ ಹೆಸರಿನ ಅರ್ಥ ಹಂದಿಯನ್ನು ಕೊಬ್ಬಿಸಿ ಕಡಿಯೋದು ಅಂತ. ಮೊದಲು ಪ್ರೀತಿ, ಆಮೇಲೆ ಸಣ್ಣ ಲಾಭ, ಆಮೇಲೆ ದೊಡ್ಡ ಮೊತ್ತ, ಕಡೆಗೆ ತೆರಿಗೆ ಹೆಸರಲ್ಲಿ ಉಳಿದದ್ದೂ. ಪರದೆ ಮೇಲಿನ ಅಂಕಿ ಅವರೇ ಟೈಪ್ ಮಾಡಿದ್ದು. ಮೊದಲು ವಾಪಸ್ ಬಂದ 5,900 ಅದೆಷ್ಟೋ ಸಲ ಮತ್ತೊಬ್ಬ ಮೋಸ ಹೋದವರ ರೊಕ್ಕವೇ ಇರ್ತೈತಿ. ಅಂಥ ರೊಕ್ಕ ಬಂದ ಖಾತೆಯನ್ನೂ ಬ್ಯಾಂಕು ತಡೆ ಹಿಡೀಬಹುದು.

ನೆನಪಿಡ್ರಿ: ನಿಮ್ಮ ರೊಕ್ಕ ನಿಮಗೆ ಕೊಡಾಕ ಮೊದಲು ರೊಕ್ಕ ಕಟ್ಟು ಅನ್ನೋ ಶೇರು ದಲ್ಲಾಳಿ ಇರಂಗಿಲ್ಲ. ಲಾಭದ ಮ್ಯಾಲಿನ ಆದಾಯ ತೆರಿಗೆಯನ್ನು ನೀವು ಸರ್ಕಾರಕ್ಕ ಕಟ್ಟೋದು, ಯಾವನೋ ಒಬ್ಬನ ಖಾತೆಗಲ್ಲ. ದಲ್ಲಾಳಿ ಖರೇವೋ ಸುಳ್ಳೋ ಅನ್ನೋದನ್ನ ಸೆಬಿ ವೆಬ್‌ಸೈಟಿನ ನೋಂದಣಿ ಪಟ್ಟಿಯಲ್ಲಿ ನೋಡಬಹುದು.

6/9
ಫೋಟೊ: ರೋಣದ ಬಸ್ಸಿನ ಕಿಡಕಿಯಿಂದ ಎರಿ ಹೊಲ

ಒಂದು ಲಕ್ಷ ಕೈಗಡ ಕೇಳಬೇಕಂತ ರೋಣದ ಬಸ್ಸು ಹತ್ತಿದೆ. ಅಲ್ಲಿ ನಮ್ಮ ಸೋದರಮಾವ ಇರ್ತಾನ. ಮಾವ ಅಂಗಳದಾಗ ಕುಂತು ಶೇಂಗಾ ಸುಲೀತಿದ್ದ. ರೊಕ್ಕ ಯಾಕಂತ ಕೇಳಿದ. ಮದುವಿ ಮಾತಾಗೈತಿ ಅಂದೆ. ಮಾವನ ಮುಖ ಅರಳಿತು.

"ಹುಡುಗಿ ಎಲ್ಲಿಯಾಕಿ?"
"ನರಗುಂದ, ಮಾವ."
"ಹೌದ? ಯಾವ ಓಣಿ?"

ನಾನು ಸುಮ್ಮನಾದೆ.

"ಅಡ್ಡಹೆಸರೇನು?"

ಆ್ಯಪಿನಲ್ಲಿ ಬರೇ ಹೆಸರಿತ್ತು.

"ಅವರ ಮಂದಿ ಯಾರರ ಇನ್ನೂ ಊರಾಗ ಅದಾರ? ಹೊಲ ಯಾರ ಪಾಲಿಗೈತಿ?"

ಮಾವ ಶೇಂಗಾದ ಬುಟ್ಟಿ ಬಾಜು ಇಟ್ಟ. "ಲೇ, ನಿಮ್ಮ ಅಕ್ಕನ್ನ ಕೊಡೋ ಮುಂದ ನಾನು, ನಿಮ್ಮಪ್ಪ ಅವರೂರಿಗೆ ಮೂರು ಸಲ ಹೋಗಿ ಬಂದ್ವಿ. ಅವರ ಹೊಲ ನೋಡಿ ಬಂದ್ವಿ. ಅವರೂರ ಚಾದಂಗಡ್ಯಾಗ ಕುಂತು, ಅವರಿಗೆ ಗೊತ್ತಾಗದಂಗ ನಾಕು ಮಂದೀನ ಕೇಳಿದ್ವಿ. ಓಣಿ ಗೊತ್ತಿಲ್ಲದಾಕಿಗೆ ನೀ ಎಷ್ಟು ಕೊಟ್ಟಿ?"

ನಾನು ಹೇಳಿದೆ. ಪಾಟಲಿ ಮಾತೂ ಹೇಳಿದೆ. ಆ ಪಾಟಲಿ ಅವ್ವನ ಮದುವೆಯಲ್ಲಿ ಅವ್ವನ ಕೈಗೆ ಹಾಕಿದವನೇ ಈ ಮಾವ.

ಮಾವ ಬೈಲಿಲ್ಲ. ಒಳಗ ಹೋಗಿ ಒಂದು ಚರಿಗಿ ನೀರು ತಂದು ಕೊಟ್ಟ. ಅದು ಬೈಗಳಕ್ಕಿಂತ ಕಷ್ಟ ಆತು.

ಬಸ್ಸಿನಲ್ಲಿ ವಾಪಸ್ ಬರುವಾಗ ಒಂದೇ ವಿಚಾರ. ನಮ್ಮ ಹಿರಿಯರ ವಿಚಾರಣೆಯನ್ನು ನಾವು ಹಳೇ ಕಾಲದ್ದು ಅಂತ ನಗ್ತೀವಿ. ಜಾತಿ ಹುಡುಕೋದು, ವರದಕ್ಷಿಣೆ ಲೆಕ್ಕ ಹಾಕೋದು ಅವೆಲ್ಲ ಹೋಗಲಿ, ಹೋಗಬೇಕು. ಆದರೆ "ಈ ಮನುಷ್ಯ ಖರೇನ ಅದಾನೋ ಇಲ್ಲೋ" ಅಂತ ಊರು ಸುತ್ತಿ ಕೇಳೋ ಆ ಒಂದು ಚಾಳಿಯನ್ನು ಮೊಬೈಲ್ ಬಂದ ಮ್ಯಾಲೆ ನಾವು ಯಾಕ ಬಿಟ್ಟೆವು?

7/9
ಫೋಟೊ: ರಾತ್ರಿ, ಟೇಬಲ್ ಮೇಲೆ ಪಾಸ್‌ಬುಕ್ ಮತ್ತು ಮೊಬೈಲ್

ಆ ರಾತ್ರಿಯೇ ಅಕ್ಕನ ಮಗಳಿಗೆ ಫೋನ್ ಹಚ್ಚಿದೆ. ಗದಗಿನಲ್ಲಿ ಡಿಗ್ರಿ ಓದ್ತಾಳ. "ಮಾಮಾ, ಅಳೋದು ಆಮ್ಯಾಲೆ. ಮೊದಲು 1930ಕ್ಕ ಹಚ್ಚು" ಅಂದಳು.

1930 ಅನ್ನೋದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ದೂರು ಕೊಟ್ಟ ಕೂಡಲೆ ನಮ್ಮ ರೊಕ್ಕ ಯಾವ ಖಾತೆಗೆ ಹೋಗೈತೋ ಆ ಬ್ಯಾಂಕಿಗೆ ಸುದ್ದಿ ಹೋಗ್ತೈತಿ. ರೊಕ್ಕ ಇನ್ನೂ ಅಲ್ಲೇ ಇದ್ದರೆ ತಡೆ ಹಿಡೀತಾರ. ಮುಂದಿನ ಖಾತೆಗೆ ಜಿಗಿದಿದ್ದರೆ ಅದರ ಬೆನ್ನು ಹತ್ತುತಾರ. ಮೋಸಗಾರರು ಒಂದು ಖಾತೆಯಿಂದ ಹತ್ತಕ್ಕೆ, ಹತ್ತರಿಂದ ಎಟಿಎಂಗೆ ದಾಟಿಸ್ತಾರ. ಅದಕ್ಕ ಇದು ತಾಸುಗಳ ಆಟ. ನಾನು ಕಡೇ ಕಂತು ಕಳಿಸಿ ಮೂರು ದಿನ ಆಗಿತ್ತು. ತಡೆ ಹಿಡಿಯಾಕ ಸಿಕ್ಕದ್ದು 18,400. ಅದನ್ನು ವಾಪಸ್ ಪಡೆಯೋ ಕಾಗದಪತ್ರದ ಕೆಲಸ ಇನ್ನೂ ನಡೆದೈತಿ.

ದೂರು ಕೊಡುವಾಗ ಬೇಕಾದದ್ದು: ರೊಕ್ಕ ಕಳಿಸಿದ ತಾರೀಖು, ಸಮಯ, ಮೊತ್ತ, ಯುಪಿಐನ 12 ಅಂಕಿಯ ಯುಟಿಆರ್ ನಂಬರ್, ಅವರ ಖಾತೆ ಅಥವಾ ಯುಪಿಐ ಐಡಿ, ಫೋನ್ ನಂಬರ್, ಚಾಟಿನ ಸ್ಕ್ರೀನ್‌ಶಾಟ್. ನಾನು ಸಿಟ್ಟಿನಲ್ಲಿ ಅರ್ಧ ಚಾಟ್ ಅಳಿಸಿಬಿಟ್ಟಿದ್ದೆ. ನೀವು ಅಳಿಸಬ್ಯಾಡ್ರಿ. ಅದೇ ಸಾಕ್ಷಿ.

ಆನ್‌ಲೈನ್‌ನಲ್ಲಿ ದೂರು ಕೊಡಾಕ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಅನ್ನೋ ಸರ್ಕಾರಿ ಪೋರ್ಟಲ್ ಐತಿ. ಜಿಲ್ಲೆಗಳಲ್ಲಿ ಸೈಬರ್ ಅಪರಾಧದ ದೂರು ತಗೊಳ್ಳೋ ಪೊಲೀಸ್ ಠಾಣೆಗಳದಾವು, ನಾನು ಗದಗಿಗೆ ಹೋಗಿ ದೂರು ಕೊಟ್ಟು ಬಂದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಕಲಂ 66ಡಿ ಪ್ರಕಾರ, ಕಂಪ್ಯೂಟರ್ ಮೊಬೈಲ್ ಬಳಸಿ ಮತ್ತೊಬ್ಬರ ಸೋಗು ಹಾಕಿ ಮೋಸ ಮಾಡಿದರೆ 3 ವರ್ಷದವರೆಗೆ ಜೈಲು. ತಪ್ಪು ಅವರದು ಅಂತ ಕಾನೂನೇ ಹೇಳ್ತೈತಿ. ನಾನು ಮಾತ್ರ ನಾಲ್ಕು ತಿಂಗಳು ಶಿಕ್ಷೆ ನನಗೇ ಕೊಟ್ಕೊಂಡೆ.

8/9
ಫೋಟೊ: ಬರೇ ಬರಹ, ಸೇವ್ ಮಾಡಿ ಇಟ್ಕೊಳ್ರಿ

ಈಗ ಕಲಿತದ್ದು.

ಒಂದು. ಮುಖಾಮುಖಿ ಭೆಟ್ಟಿ ಆಗದವರಿಗೆ ಒಂದು ರೂಪಾಯಿಯೂ ಇಲ್ಲ. ದವಾಖಾನಿ ಅಂದರೂ ಇಲ್ಲ, ಟಿಕೆಟ್ ಅಂದರೂ ಇಲ್ಲ, ಹೂಡಿಕೆ ಅಂದರೂ ಇಲ್ಲ.

ಎರಡು. ಅವರ ಫೋಟೊವನ್ನು ಗೂಗಲ್ ಲೆನ್ಸಿಗೆ ಹಾಕಿ ನೋಡ್ರಿ. ನನ್ನ 'ನರಗುಂದದಾಕಿ'ಯ ಫೋಟೊ ಬೇರೆ ರಾಜ್ಯದ ಒಬ್ಬ ಹೆಣ್ಮಗಳ ಖಾತೆಯಿಂದ ಕದ್ದದ್ದು. ಪಾಪ, ಆಕಿಗೂ ಮೋಸ ಆಗೈತಿ.

ಮೂರು. ಭೆಟ್ಟಿ ಆಗೋದಾದರೆ ಮಂದಿ ಇರೋ ಜಾಗದಾಗ, ಹಗಲಿನಾಗ, ಮನ್ಯಾಗ ಒಬ್ಬರಿಗೆ ಹೇಳಿ. ಹೆಣ್ಮಕ್ಕಳಿಗೆ ಅಷ್ಟೇ ಅಲ್ಲ, ಗಂಡಸರಿಗೂ ಇದೇ ಮಾತು.

ನಾಲ್ಕು. ವಿದೇಶದಿಂದ ಉಡುಗೊರೆ ಕಳಿಸೀನಿ, ಕಸ್ಟಮ್ಸ್‌ನವರು ಹಿಡಿದಾರ, ಸುಂಕ ಕಟ್ಟು ಅಂತ ಫೋನ್ ಬಂದರೆ ಅದು ಹಳೇ ನಾಟಕ. ಕಸ್ಟಮ್ಸ್ ಇಲಾಖೆ ಯಾರದೋ ಖಾಸಗಿ ಖಾತೆಗೆ ಸುಂಕ ಹಾಕು ಅಂತ ಫೋನ್ ಮಾಡಂಗಿಲ್ಲ.

ಐದು. ರೊಕ್ಕ ಬರಬೇಕಾದರೆ ಯುಪಿಐ ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿತು ಅಂದರೆ ರೊಕ್ಕ ನಿಮ್ಮಿಂದ ಹೊಂಟೈತಿ ಅಂತ ಅರ್ಥ.

ಆರು. ರಾತ್ರಿ ವಿಡಿಯೊ ಕಾಲ್ ಮಾಡಿ ಬಟ್ಟೆ ಬಿಚ್ಚಿಸಿ, ರೆಕಾರ್ಡ್ ಮಾಡಿ ಹೆದರಿಸ್ತಾರ. ರೊಣದ ತಮ್ಮನಿಗೆ ಕಡೀಕ ಇದೂ ಆಗಿತ್ತು. ರೊಕ್ಕ ಕೊಡಬ್ಯಾಡ್ರಿ. ಒಮ್ಮೆ ಕೊಟ್ಟರೆ ನಾಳೆ ಮತ್ತೆ ಬರ್ತಾರ. ಚಾಟ್ ಉಳಿಸಿಕೊಂಡು ಬ್ಲಾಕ್ ಮಾಡ್ರಿ, ದೂರು ಕೊಡ್ರಿ. ದೊಡ್ಡವರ ಖಾಸಗಿ ಚಿತ್ರ ಹರಡದಂಗ ತಡೆಯಾಕ ಸ್ಟಾಪ್ ಎನ್‌ಸಿಐಐ ಅನ್ನೋ ಉಚಿತ ಸೇವೆ 2021ರಿಂದ ಐತಿ. ನಿಮ್ಮ ಚಿತ್ರ ನಿಮ್ಮ ಮೊಬೈಲಿನಲ್ಲೇ ಉಳೀತೈತಿ, ಅದರ ಗುರುತಿನ ಸಂಕೇತ ಅಷ್ಟೇ ಅವರಿಗೆ ಹೋಗ್ತೈತಿ.

ಏಳು. ಕಾಲೇಜು ಹುಡುಗರೇ, "ನಿನ್ನ ಬ್ಯಾಂಕ್ ಖಾತೆ ಕೊಡು, ತಿಂಗಳಿಗೆ ಇಷ್ಟು ಕೊಡ್ತೀನಿ" ಅಂತ ಯಾರರ ಅಂದರೆ ಒಲ್ಲೆ ಅನ್ರಿ. ನನ್ನ ರೊಕ್ಕ ಹೋದದ್ದೂ ಅಂಥಾ ಬಾಡಿಗೆ ಖಾತೆಗಳಿಂದಲೇ. ಪೊಲೀಸರು ಮೊದಲು ಬರೋದು ಖಾತೆ ಇದ್ದವರ ಮನಿಗೆ.

ಎಂಟು. ಥಾಯ್ಲೆಂಡ್ ಕಡೆ ಕಂಪ್ಯೂಟರ್ ಕೆಲಸ, ದೊಡ್ಡ ಪಗಾರ ಅಂತ ಕರೆದವರನ್ನೂ ವಿಚಾರಿಸ್ರಿ. ಹಂಗ ಹೋದವರನ್ನು ಮ್ಯಾನ್ಮಾರ್ ಗಡಿಯಲ್ಲಿ ಕೂಡಿಹಾಕಿ ಇದೇ ಮೋಸದ ಚಾಟ್ ಮಾಡಿಸ್ತಿದ್ದರು. 2025ರ ಮಾರ್ಚಿನಲ್ಲಿ ಅಲ್ಲಿಂದ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನದಲ್ಲಿ ಕರಕೊಂಡು ಬಂದರು. "ಊಟವನ್ನು ಮುಗಿಸಿದೆ" ಅಂತ ನನಗೆ ಬರೆದ ಕೈ ಅಂಥ ಒಬ್ಬ ಹುಡುಗನದೂ ಇರಬಹುದು. ಇದನ್ನು ಯೋಚಿಸಿದಾಗ ಸಿಟ್ಟು ಎಲ್ಲಿ ಇಡಬೇಕು ಅನ್ನೋದೇ ತಿಳಿಯಂಗಿಲ್ಲ.

9/9
ಫೋಟೊ: ಅಪ್ಪನ ಕೈ

ಅಪ್ಪನಿಗೆ ಹೇಳಾಕ ನನಗೆ ಹದಿನೇಳು ದಿನ ಬೇಕಾತು.

ಆ ಹದಿನೇಳು ದಿನದಾಗ ಕೆಟ್ಟ ವಿಚಾರ ಬಂದಿದ್ದವು. ಮುಚ್ಚಿಡಂಗಿಲ್ಲ. 2025ರ ಮಾರ್ಚಿನಲ್ಲಿ ಬೆಳಗಾವಿ ಜಿಲ್ಲೆ ಖಾನಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ವಯಸ್ಸಾದ ಗಂಡ ಹೆಂಡತಿ ಸೈಬರ್ ಮೋಸಗಾರರ ಕಾಟಕ್ಕೆ ಜೀವ ಬಿಟ್ಟರು. ರೊಕ್ಕ ಹೋದದ್ದಕ್ಕಿಂತ ಮಂದಿ ಏನಂತಾರೋ ಅನ್ನೋದು ಮನುಷ್ಯನನ್ನು ಹೆಚ್ಚು ತಿನ್ನತೈತಿ. ನಿಮಗೂ ಅಂಥ ರಾತ್ರಿ ಬಂದರೆ 14416ಕ್ಕ ಹಚ್ರಿ. ಟೆಲಿ ಮಾನಸ್, ಸರ್ಕಾರದ್ದು, ರೊಕ್ಕ ಇಲ್ಲ, ಕನ್ನಡದಾಗ ಮಾತಾಡ್ತಾರ.

ಅಪ್ಪ ಮಗ್ಗದ ಮ್ಯಾಲೆ ಇದ್ದ. ನಾನು ಬಾಗಲದಾಗ ನಿಂತು ಎಲ್ಲಾ ಹೇಳಿದೆ. ಲಾಳಿ ನಿಂತಿತು. ಬಹಳ ಹೊತ್ತು ಸುಮ್ಮನೆ ಇದ್ದ. ಆಮ್ಯಾಲೆ ಕೇಳಿದ, "ಪಾಟಲಿ ಬಿಡಿಸಾಕ ಎಷ್ಟು ದಿನ ಟೈಮ್ ಐತಿ?"

"ಹನ್ನೊಂದು ತಿಂಗಳು."

"ಬಿಡಿಸೋಣು" ಅಂದ. ಮತ್ತ ನೇಯಾಕ ಹತ್ತಿದ. ಸ್ವಲ್ಪ ಹೊತ್ತಾದ ಮ್ಯಾಲೆ, ನನ್ನ ಕಡೆ ನೋಡದಂಗ ಅಂದ: "ನಿಮ್ಮವ್ವ ಇದ್ದಿದ್ದರ ನಿನಗ ಅಲ್ಲ, ನನಗ ಬೈತಿದ್ದಳು. ಹುಡುಗ ಒಬ್ಬನ ಆಗ್ಯಾನ, ನೀ ನೋಡಲಿಲ್ಲ ಅಂತ."

ಈಗ ತಿಂಗಳಿಗೆ ಇಷ್ಟು ಅಂತ ಅಂಗಡಿಯಿಂದ ತೆಗೆದು ಇಡ್ತೀನಿ. ಅಪ್ಪನೂ ಒಂದು ಸೀರೆದ ಕೂಲಿ ಅದರಾಗ ಹಾಕ್ತಾನ. ಪಾಟಲಿ ಇನ್ನೂ ಬಂದಿಲ್ಲ.

ರೋಣದ ತಮ್ಮ ಮೊನ್ನೆ ಮನ್ಯಾಗ ಹೇಳಿದ. ಅವರ ಅಣ್ಣನೇ ಠಾಣೆಗೆ ಜತಿಗೆ ಬಂದಿದ್ದ. ಅವನ ರೊಕ್ಕ ಹೋಗಿ ಬರೇ ಐದು ತಾಸು ಆಗಿತ್ತು. ಅರ್ಧಕ್ಕಿಂತ ಹೆಚ್ಚು ತಡೆ ಹಿಡಿದಾರ.

ನಿಮಗೂ ಹಿಂಗಾಗಿದ್ದರೆ ಇನ್‌ಬಾಕ್ಸಿಗೆ ಬರ್ರಿ. ನಾನು ಪೊಲೀಸ್ ಅಲ್ಲ, ವಕೀಲ ಅಲ್ಲ. ಆದರೆ ನಗಂಗಿಲ್ಲ. ಈ ಪೋಸ್ಟುಗಳನ್ನು ನಿಮ್ಮ ಮನ್ಯಾಗ ಮದುವಿ ವಯಸ್ಸಿನವರು ಇದ್ದರೆ ಅವರಿಗೆ ಕಳಸ್ರಿ, ಒಬ್ಬರೇ ಇರೋ ಕಾಕಾ, ದೊಡ್ಡವ್ವನಿಗೂ ಕಳಸ್ರಿ.

ಮತ್ತ ಯಾರರ ಹೊಸಬರು ಬಹಳ ಪ್ರೀತಿಲೇ ಮಾತಾಡಿದರೆ, ನಮ್ಮ ಮಾವನಂಗ ಒಂದ ಮಾತು ಕೇಳ್ರಿ: "ಯಾವ ಓಣಿ?"

ನಾಳೆಯಿಂದ ಮತ್ತ ಫೋಟೊ ಬರ್ತಾವು. ಕಡಲಿ ಹೊಲ ಚಲೋ ಕಾಣಾಕ ಹತ್ತ್ಯಾವು.

#ಗಜೇಂದ್ರಗಡ #ರೋಣ #ನರಗುಂದ #ಗದಗಜಿಲ್ಲೆ #ಉತ್ತರಕರ್ನಾಟಕ #ಸೈಬರ್‌ಎಚ್ಚರ #1930